ಕೈ ಹಿಂದಕ್ಕೆ ತರುವುದನ್ನು ಕಲಿಸಿದವರು

ನನ್ನ ಮಗಳಿಗೆ ಬಾಕ್ಸಿಂಗ್ ಕಲಿಸಿದ ಹೆಂಗಸು ತೀರಿಕೊಂಡು ಎರಡು ತಿಂಗಳಾಯಿತು. ಅಂದಿನಿಂದ ಅವರ ಬಗ್ಗೆ ಒಳ್ಳೆಯ ಮಾತುಗಳು ಕಿವಿಗೆ ಬೀಳುತ್ತಲೇ ಇವೆ. ಎಂಥ ಶಿಸ್ತು, ಎಂಥ ತ್ಯಾಗ, ಎಷ್ಟು ಹೆಣ್ಣುಮಕ್ಕಳಿಗೆ ದಾರಿ ತೋರಿಸಿದರು ಎಂದು ಹೇಳುವವರ ಮುಖಗಳನ್ನು ನೋಡುತ್ತೇನೆ. ಅವರು ಬದುಕಿದ್ದಾಗ ನೇರವಾಗಿ ನಿಂತು ಒಂದು ನಮಸ್ಕಾರ ಹೇಳದ ಮುಖಗಳು. ಸಿಟ್ಟಿನಲ್ಲಿ ಏನೂ ಬರೆಯಬೇಡಿ ಎಂದು ಹೆಂಡತಿ ಹೇಳಿದಳು. ಕಾದು ನೋಡಿದೆ. ಸಿಟ್ಟು ಇಳಿಯಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಆ ಕ್ಲಬ್ಬಿನ ಹೆಸರನ್ನೂ ಬರೆಯಬೇಕಾಗುತ್ತದೆ. ಎರಡೂ ಹೆಸರು ಅಕ್ಕಪಕ್ಕದಲ್ಲಿ ಇನ್ನೊಮ್ಮೆ ಅಚ್ಚಾಗುವುದು ನನಗೆ ಬೇಡ. ಎಲ್ಲರೂ ಅವರನ್ನು ದೀದಿ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತಿದ್ದೆ, ನನಗಿಂತ ಅವರು ನಾಲ್ಕೈದು ವರ್ಷಕ್ಕಷ್ಟೇ ದೊಡ್ಡವರಿದ್ದರೂ.

ನಾವು ಧಾರವಾಡದವರು. ಕೇಂದ್ರ ಸರ್ಕಾರದ ಕೆಲಸ ನನ್ನನ್ನು ಕೋಲ್ಕತ್ತಕ್ಕೆ ತಂದು ಹಾಕಿ ಹದಿನೆಂಟು ವರ್ಷವಾಯಿತು. ಮಗಳು ಶಾಲ್ಮಲಾ ಇಲ್ಲಿಯೇ ಬೆಳೆದಳು. ಹದಿಮೂರನೆಯ ವಯಸ್ಸಿನಲ್ಲಿ ಅವಳು ಬಾಕ್ಸಿಂಗ್ ಕಲಿಯುತ್ತೇನೆ ಎಂದಾಗ ಹೆಂಡತಿ ಸುಧಾ ಅಡುಗೆಮನೆಯಿಂದಲೇ ಬೇಡ ಅಂದಳು. "ಹುಡುಗಿ ಮಾರಿಗೆ ಪೆಟ್ಟು ಬಿದ್ದರ ಏನ್ ಗತಿ?" ಎಂಬುದು ಅವಳ ಪ್ರಶ್ನೆ. ನಾನು ಆಧುನಿಕ ತಂದೆ. ಮಗಳ ಪರ ವಾದಿಸಿ ಗೆದ್ದೆ. ಗೆದ್ದ ಉತ್ಸಾಹದಲ್ಲಿ ಅವಳನ್ನು ಬಾಲಿಗಂಜ್‌ನ ಒಂದು ದೊಡ್ಡ ಜಿಮ್‌ಗೆ ಸೇರಿಸಿದೆ.

ಆ ಜಿಮ್‌ನಲ್ಲಿ ನಾಲ್ಕೂ ಗೋಡೆಗೆ ಕನ್ನಡಿ. ಹಾಡು ಎಷ್ಟು ಜೋರಾಗಿತ್ತೆಂದರೆ ತರಬೇತುದಾರ ಏನು ಹೇಳುತ್ತಾನೆಂದು ಯಾರಿಗೂ ಕೇಳುತ್ತಿರಲಿಲ್ಲ. ಅವನಿಗೂ ಹೇಳುವಂಥದ್ದೇನೂ ಇರಲಿಲ್ಲ. ಮೊದಲ ದಿನವೇ ಮಗಳ ಕೈಗೆ ಗ್ಲೌಸ್ ತೊಡಿಸಿ ಗುದ್ದುವ ಚೀಲದ ಮುಂದೆ ನಿಲ್ಲಿಸಿ ಹೊಡಿ ಅಂದ. ಒಳಗೆ ಬಟ್ಟೆಯ ಪಟ್ಟಿ ಸುತ್ತಲಿಲ್ಲ. ಕಾಲು ಹೇಗಿಡಬೇಕು, ಮುಷ್ಟಿ ಹೇಗೆ ಕಟ್ಟಬೇಕು ಎಂದು ತೋರಿಸಲಿಲ್ಲ. ಅವಳು ಹೊಡೆಯುವುದನ್ನು ಫೋನಿನಲ್ಲಿ ಹಿಡಿದು ಅದಕ್ಕೊಂದು ಹಾಡು ಸೇರಿಸಿ ಎಲ್ಲರಿಗೂ ಹಂಚಿದ. ಅದನ್ನು ನಾನೂ ನಮ್ಮ ಊರಿನ ಬಂಧುಗಳಿಗೆಲ್ಲ ಹೆಮ್ಮೆಯಿಂದ ಕಳಿಸಿದೆ. ಮೂರನೆಯ ವಾರ ಅವಳ ಬಲ ಮಣಿಕಟ್ಟು ಬಾತು, ಪೆನ್ಸಿಲ್ ಹಿಡಿಯಲಾಗದಂತೆ ಆಯಿತು. ಅವನನ್ನು ಕೇಳಿದರೆ, ನೋವು ಬಂದರೇನೇ ಬಾಕ್ಸರ್ ಅಂದ.

ಮಣಿಕಟ್ಟಿಗೆ ಫಿಸಿಯೋಥೆರಪಿ ಮಾಡುತ್ತಿದ್ದ ಹೆಣ್ಣುಮಗಳೇ ನಮಗೆ ದೀದಿಯ ವಿಳಾಸ ಕೊಟ್ಟದ್ದು. ಜಾದವ್‌ಪುರದ ರೈಲು ಹಳಿಯಾಚೆ, ನಮ್ಮ ಮನೆಯಿಂದ ಕಾಲು ಗಂಟೆ ನಡಿಗೆಯಲ್ಲಿ, ಒಂದು ಪಾಡಾ ಕ್ಲಬ್ಬು. ಪಾಡಾ ಎಂದರೆ ಇಲ್ಲಿಯವರ ಓಣಿ; ಓಣಿಗೊಂದು ಕ್ಲಬ್ಬು, ಕ್ಲಬ್ಬಿಗೊಂದು ಕೇರಂ ಬೋರ್ಡು, ಒಂದು ದುರ್ಗಾಪೂಜೆ, ಒಬ್ಬ ಸೆಕ್ರೆಟರಿ. ಅದರ ಹಿಂದಿನ ತಗಡಿನ ಕೋಣೆಯಲ್ಲಿ ಎರಡು ಚೀಲ, ನೆಲದ ಮೇಲೆ ಹಗ್ಗ ಕಟ್ಟಿ ಮಾಡಿದ ರಿಂಗು. ಮಾಸಿದ ಸಲ್ವಾರ್ ಕಮೀಜು, ಸೊಂಟಕ್ಕೆ ಬಿಗಿದ ದುಪಟ್ಟಾ, ಹೆಗಲಿಗೊಂದು ಟವೆಲು, ಕುಳ್ಳ ಹೆಂಗಸೊಬ್ಬರು ಕಾಗದದ ಪೊಟ್ಟಣದಿಂದ ಮಂಡಕ್ಕಿ ತಿನ್ನುತ್ತ ಏಳೆಂಟು ಹುಡುಗಿಯರನ್ನು ನೋಡುತ್ತ ನಿಂತಿದ್ದರು. ತರಬೇತುದಾರರು ಎಲ್ಲಿ ಎಂದು ಅವರನ್ನೇ ಕೇಳಿದೆ. ಬಾಯಲ್ಲಿದ್ದ ಮಂಡಕ್ಕಿ ನುಂಗಿ ಹೇಳಿ ಅಂದರು.

ಮಗಳ ಮಣಿಕಟ್ಟನ್ನು ಹಿಡಿದು, ಒತ್ತಿ, ತಿರುಗಿಸಿ ನೋಡಿದರು. ಸೇರಿಸಿಕೊಳ್ಳುತ್ತೇನೆ ಎಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಒಂದು ವಾರ ಸುಮ್ಮನೆ ಬಂದು ಕೂತು ನೋಡಿ, ಆಮೇಲೆ ನಿರ್ಧಾರ ಮಾಡಿ ಅಂದರು. ಏನು ನೋಡಬೇಕು ಎಂದು ಕೇಳಿದೆ. ನಮ್ಮ ನಡುವೆ ಮಾತು ಹಿಂದಿಯಲ್ಲಿ ನಡೆಯುತ್ತಿತ್ತು. ಅವರ ಹಿಂದಿ ನನ್ನದಕ್ಕಿಂತಲೂ ಕೆಟ್ಟದಾಗಿತ್ತು. ನನ್ನನ್ನು ಇಲ್ಲಿಯವರ ರೂಢಿಯಂತೆ ದಾದಾ, ಅಂದರೆ ಅಣ್ಣ, ಎನ್ನುತ್ತಿದ್ದರು.

"ಕೋಚ್‌ನ ಮೆಡಲ್ ನೋಡಬೇಡಿ ದಾದಾ. ಮೂರು ವರ್ಷ ಕಲಿತ ಹುಡುಗಿಯರ ಮೂಗು ನೋಡಿ. ಮೂಗು ನೆಟ್ಟಗಿದ್ದರೆ ಸೇರಿಸಿ."

ನಾನು ನಿಜವಾಗಿಯೂ ನೋಡಿದೆ. ಎಲ್ಲ ಮೂಗುಗಳೂ ನೆಟ್ಟಗಿದ್ದವು.

ಮೊದಲ ಆರು ವಾರ ಅವರು ನನ್ನ ಮಗಳಿಗೆ ಕಲಿಸಿದ್ದು ಜ್ಯಾಬ್ ಒಂದನ್ನೇ. ಮುಂದಿರುವ ಎಡಗೈಯ ನೇರ ಪೆಟ್ಟು, ಬಾಕ್ಸಿಂಗ್‌ನ ಮೊದಲ ಪಾಠ. ಅದರಲ್ಲಿಯೂ ಮೊದಲ ವಾರ ಕೈ ಎತ್ತಲು ಬಿಡಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ಪಾದಗಳ ಗುರುತು ಬರೆದು ಅದರ ಮೇಲೆ ನಿಲ್ಲಿಸಿದರು. ಎಡಗಾಲು ಮುಂದೆ, ಬಲ ಹಿಮ್ಮಡಿ ನೆಲದಿಂದ ಒಂಚೂರು ಮೇಲೆ, ಮಂಡಿ ಸಡಿಲ. ಹಾಗೆಯೇ ಮುಂದೆ ಹೋಗು, ಹಿಂದೆ ಬಾ. ಕಾಲುಗಳು ಒಂದನ್ನೊಂದು ದಾಟಿದರೆ ನಾಲಿಗೆಯಿಂದ ಚ್ಚ್ ಎನ್ನುತ್ತಿದ್ದರು. ಅವರ ಕೊರಳಲ್ಲಿ ಸೀಟಿ ಇತ್ತು, ಅದನ್ನು ಊದಿದ್ದು ನಾನು ಕೇಳಲಿಲ್ಲ. ಆ ಚ್ಚ್ ಸಾಕಾಗುತ್ತಿತ್ತು.

ಆಮೇಲೆ ಕೈ. ಗೋಡೆಯ ಪಕ್ಕ, ಎಡ ಭುಜ ಗೋಡೆಗೆ ತಾಗುವಂತೆ ನಿಲ್ಲಿಸಿ ಜ್ಯಾಬ್ ಹೊಡೆಯಲು ಹೇಳುತ್ತಿದ್ದರು. ಮೊಣಕೈ ಹೊರಗೆ ಹೋದರೆ ಗೋಡೆಗೆ ಬಡಿದು ತಾನೇ ಪಾಠ ಕಲಿಯುತ್ತದೆ. ಗದ್ದದ ಕೆಳಗೆ ಮಡಿಚಿದ ಕರವಸ್ತ್ರ. ಗದ್ದ ಮೇಲೆದ್ದರೆ ಅದು ಬೀಳುತ್ತದೆ, ಬಿದ್ದರೆ ಮತ್ತೆ ಮೊದಲಿಂದ. ಮುಷ್ಟಿ ನೇರವಾಗಿ ಹೋಗಬೇಕು, ಕೊನೆಯಲ್ಲಿ ಮಾತ್ರ ಅಂಗೈ ನೆಲದ ಕಡೆ ತಿರುಗಬೇಕು, ಭುಜ ಎದ್ದು ಗದ್ದವನ್ನು ಮುಚ್ಚಬೇಕು, ಬಲಗೈ ಕೆನ್ನೆ ಬಿಟ್ಟು ಕದಲಬಾರದು. ಇವೆಲ್ಲ ಬೇರೆಯವರೂ ಹೇಳುತ್ತಾರೆಂದು ಆಮೇಲೆ ತಿಳಿಯಿತು. ಆದರೆ ಅವರು ಹಟ ಹಿಡಿಯುತ್ತಿದ್ದದ್ದು ಹೊಡೆತದ ಬಗ್ಗೆ ಅಲ್ಲ, ಹೊಡೆದ ಮೇಲೆ ಕೈ ಹಿಂದಕ್ಕೆ ಬರುವ ಬಗ್ಗೆ. ಹೋದ ದಾರಿಯಲ್ಲೇ, ಹೋದಷ್ಟೇ ವೇಗದಲ್ಲಿ ಬರಬೇಕು. ಕೆಳಗೆ ಜೋತುಬಿದ್ದು ಬಂದರೆ ಆ ಹೊಡೆತವನ್ನು ಅವರು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. "ಹೊಡೆಯುವುದನ್ನು ಬೀದಿಯ ಹುಡುಗರೂ ಕಲಿಸುತ್ತಾರೆ. ನಿನ್ನನ್ನು ಮನೆಗೆ ವಾಪಸ್ ಕಳಿಸುವುದು ನನ್ನ ಕೆಲಸ" ಎಂದು ಒಮ್ಮೆ ಶಾಲ್ಮಲಾಗೆ ಹೇಳಿದ್ದರು.

ಒಂದು ದಿನ ಬೆಂಚಿನ ಮೇಲೆ ಪೇಪರು ಓದುತ್ತ ಕೂತಿದ್ದ ನನ್ನನ್ನೂ ಎಬ್ಬಿಸಿದರು. ಮಗಳು ಏನು ಮಾಡುತ್ತಿದ್ದಾಳೆಂದು ತಿಳಿಯದೆ ಮನೆಯಲ್ಲಿ ಬೋಧನೆ ಮಾಡಬೇಡಿ, ಬನ್ನಿ, ನಿಲ್ಲಿ ಅಂದರು. ಹೊಟ್ಟೆ ಮುಂದೆ, ನಾನು ಹಿಂದೆ. ಹತ್ತು ಜ್ಯಾಬ್ ಹೊಡೆಯುವಷ್ಟರಲ್ಲಿ ಭುಜ ಉರಿಯತೊಡಗಿತು. ಹುಡುಗಿಯರೆಲ್ಲ ನಕ್ಕರು. ದೀದಿ ನಗಲಿಲ್ಲ. ನನ್ನ ಮೊಣಕೈಯನ್ನು ಎರಡು ಬೆರಳಿನಿಂದ ಒಳಕ್ಕೆ ಒತ್ತಿ, ಹನ್ನೊಂದನೆಯದನ್ನು ಹೊಡೆಸಿ, ಇದು ಸರಿಯಾಯಿತು ಎಂದು ಗಂಭೀರವಾಗಿ ಹೇಳಿ ಮುಂದಿನವಳ ಕಡೆ ಹೋದರು. ಆ ಸಂಜೆ ಮನೆಗೆ ನಡೆದುಕೊಂಡು ಬರುವಾಗ ನನಗೆ ಎಷ್ಟು ಸಂತೋಷವಾಗಿತ್ತೆಂದು ಹೇಳಿದರೆ ನೀವು ನಗುತ್ತೀರಿ.

ಅವರದು ಕಾಳಿಘಾಟ್‌ನಲ್ಲಿ, ದೇವಸ್ಥಾನದ ಹಿಂದಿನ ಗಲ್ಲಿಯಲ್ಲಿ ತಮ್ಮನ ಸಂಸಾರದ ಜೊತೆ ವಾಸ. ಮದುವೆಯಾಗಿರಲಿಲ್ಲ. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಿ.ಟಿ. ಟೀಚರು, ಅದೂ ತಾತ್ಕಾಲಿಕ. ಇಪ್ಪತ್ತು ವರ್ಷದಿಂದ ತಾತ್ಕಾಲಿಕ. ಅವರು ಬಾಕ್ಸಿಂಗ್ ಮಾಡುವ ವಯಸ್ಸಿನಲ್ಲಿ ಹುಡುಗಿಯರಿಗೆ ಸ್ಪರ್ಧೆಯೇ ಇರಲಿಲ್ಲ. ಹುಡುಗರ ಜೊತೆ ಅಭ್ಯಾಸ ಮಾಡಿದರು, ಹುಡುಗರು ಪಂದ್ಯಕ್ಕೆ ಹೋದಾಗ ಅವರ ಚೀಲ ಕಾದುಕೊಂಡು ಕೂತರು. ಸ್ಪರ್ಧೆಗಳು ಶುರುವಾಗುವಷ್ಟರಲ್ಲಿ ವಯಸ್ಸು ಮೀರಿತ್ತು. ಹೀಗಾಗಿ ಪದಕವಿಲ್ಲ, ಪದಕವಿಲ್ಲದ್ದರಿಂದ ಡಿಪ್ಲೊಮಾಕ್ಕೆ ಸೀಟಿಲ್ಲ, ಡಿಪ್ಲೊಮಾ ಇಲ್ಲದ್ದರಿಂದ ಕ್ಲಬ್ಬಿನ ಕಾಗದಪತ್ರದಲ್ಲಿ ಅವರು "ಹೆಲ್ಪರ್". ಮುಖ್ಯ ತರಬೇತುದಾರ ಎಂದು ಬರೆದಿದ್ದದ್ದು ಸೆಕ್ರೆಟರಿಯ ಭಾವಮೈದುನನ ಹೆಸರು. ಆ ಮನುಷ್ಯ ಫೋಟೋ ತೆಗೆಯುವ ದಿನ ಇಸ್ತ್ರಿ ಮಾಡಿದ ಟ್ರ್ಯಾಕ್‌ಸೂಟ್ ಹಾಕಿಕೊಂಡು ಬರುತ್ತಿದ್ದ. ಶಾಲ್ಮಲಾ ಮೊದಲ ಸಲ ಜಿಲ್ಲಾ ಮಟ್ಟದಲ್ಲಿ ಗೆದ್ದಾಗ ಅವಳ ಪಕ್ಕದಲ್ಲಿ ನಿಂತದ್ದು ಅವನು. ದೀದಿ ಫೋಟೋದ ಹೊರಗೆ ನಿಂತು ಅವಳ ಕೈಯ ಪಟ್ಟಿ ಸುರುಳಿ ಸುತ್ತುತ್ತಿದ್ದರು.

ಪೂಜೆಯ ಕಾಲ ಬಂತೆಂದರೆ ತಗಡಿನ ಕೋಣೆಯೊಳಗೆ ಬಿದಿರು, ಬಟ್ಟೆ, ಥರ್ಮಾಕೋಲು ತುಂಬುತ್ತಿದ್ದರು. ಚೀಲಗಳನ್ನು ಇಳಿಸಿ ಹೊರಗೆ ಎಸೆಯುತ್ತಿದ್ದರು. ಎರಡು ತಿಂಗಳು ಅಭ್ಯಾಸ ಬಂದ್. ದೀದಿ ಯಾರೊಡನೆಯೂ ಜಗಳಕ್ಕೆ ನಿಲ್ಲದೆ ಹುಡುಗಿಯರನ್ನು ತಮ್ಮ ಶಾಲೆಯ ತಾರಸಿಗೆ ಕರೆದೊಯ್ಯುತ್ತಿದ್ದರು. ಒಂದು ವರ್ಷ ಆ ಕ್ಲಬ್ಬಿನ ಪೂಜೆಯ ವಿಷಯ ನಾರೀಶಕ್ತಿ. ಟಿ.ವಿ. ಧಾರಾವಾಹಿಯ ನಟಿಯೊಬ್ಬಳನ್ನು ಕರೆಸಿ ವೇದಿಕೆಯ ಮೇಲೆ ಕೈಗೆ ಬಾಕ್ಸಿಂಗ್ ಗ್ಲೌಸ್ ತೊಡಿಸಿದರು. ಅದು ನನ್ನ ಮಗಳ ಗ್ಲೌಸ್. ದೀದಿ ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಆ ನಟಿಯ ಮುಷ್ಟಿಯನ್ನೇ ನೋಡುತ್ತಿದ್ದರು. ಹೆಬ್ಬೆರಳು ಒಳಗೆ ಮಡಚಿದ್ದಾಳೆ, ಹೊಡೆದರೆ ಮುರಿಯುತ್ತದೆ, ಯಾರಾದರೂ ಹೇಳಬಾರದೇ ಎಂದು ನನ್ನ ಹತ್ತಿರ ಚಿಂತೆಯಿಂದ ಹೇಳಿದರು.

ಇನ್ನು ಆ ಪಂದ್ಯದ ವಿಷಯಕ್ಕೆ ಬರಬೇಕು.

ಶಾಲ್ಮಲಾಗೆ ಆಗ ಹದಿನಾರು. ರಾಜ್ಯ ಮಟ್ಟದ ಫೈನಲ್‌ಗೆ ಬಂದಿದ್ದಳು. ಗೆದ್ದರೆ ರಾಷ್ಟ್ರಮಟ್ಟದ ತಂಡ. ಆ ಕ್ಲಬ್ಬಿನಿಂದ ಅಲ್ಲಿಯವರೆಗೆ ಯಾರೂ ಹೋಗಿರಲಿಲ್ಲ. ಸೆಕ್ರೆಟರಿ ಆಗಲೇ ಫ್ಲೆಕ್ಸ್ ಮಾಡಿಸಲು ಕೊಟ್ಟಿದ್ದನಂತೆ. ಪಂದ್ಯಕ್ಕೆ ಎರಡು ದಿನ ಮೊದಲು, ದೀದಿಗೆ ಶಾಲೆಯಲ್ಲಿ ಪರೀಕ್ಷೆಯ ಕೆಲಸವಿತ್ತು. ಅವರು ಇಲ್ಲದ ಹೊತ್ತಿನಲ್ಲಿ ಸೆಕ್ರೆಟರಿ ಬೇರೆ ಕಡೆಯಿಂದ ಒಬ್ಬ ಹುಡುಗಿಯನ್ನು ಕರೆಸಿ ಶಾಲ್ಮಲಾಳೊಡನೆ ರಿಂಗಿಗೆ ಇಳಿಸಿದ. ಫೈನಲ್‌ಗೆ ಗಟ್ಟಿಯಾಗಲಿ ಎಂದು. ಆ ಹುಡುಗಿಯ ತೂಕ ಹನ್ನೆರಡು ಕಿಲೋ ಹೆಚ್ಚು. ನನ್ನ ಮಗಳ ಕಿವಿಯ ಮೇಲ್ಭಾಗಕ್ಕೆ ಪೆಟ್ಟು ಬಿತ್ತು. ಮನೆಗೆ ಬಂದು ವಾಂತಿ ಮಾಡಿಕೊಂಡಳು; ಯಾರಿಗೂ ಹೇಳದೆ ಬಚ್ಚಲು ತೊಳೆದು ಮಲಗಿದಳು. ಹೇಳಿದರೆ ಫೈನಲ್ ಆಡಲು ಬಿಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಇದೆಲ್ಲ ನಮಗೆ ತಿಳಿದದ್ದು ಆಮೇಲೆ.

ಫೈನಲ್‌ನ ಮೊದಲ ಸುತ್ತು ಅವಳದೇ. ನಾನು, ಉಳಿದ ತಾಯಿತಂದೆಯರು, ಸೆಕ್ರೆಟರಿ, ಎಲ್ಲರೂ ಎದ್ದು ನಿಂತಿದ್ದೆವು. ಎರಡನೆಯ ಸುತ್ತಿನಲ್ಲಿಯೂ ಅವಳೇ ಮುಂದಿದ್ದಳು. ಸುತ್ತು ಮುಗಿಯಲು ಇನ್ನೂ ಸ್ವಲ್ಪ ಹೊತ್ತಿದೆ ಎನ್ನುವಾಗ ದೀದಿಯ ಹೆಗಲಿನ ಟವೆಲು ರಿಂಗಿನೊಳಗೆ ಬಂದು ಬಿತ್ತು. ಗೆಲ್ಲುತ್ತಿದ್ದ ಪಂದ್ಯವನ್ನು ಬಿಟ್ಟುಕೊಟ್ಟರು. ರೆಫರಿಯೂ ಒಂದು ಕ್ಷಣ ನಂಬದೆ ಅವರ ಕಡೆ ನೋಡಿದ.

ಮಗಳು ಅಳುತ್ತ, ನನಗೇನೂ ಆಗಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದಳು. ದೀದಿ ನನ್ನ ಬಳಿ ಬಂದು, ಇವಳ ಕೈ ವಾಪಸ್ ಬರುತ್ತಿಲ್ಲ, ಕಣ್ಣು ಎದುರಾಳಿಯನ್ನು ಹುಡುಕುತ್ತಿದೆ, ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದರು. ನಾನು ಮುಖ ತಿರುಗಿಸಿಕೊಂಡೆ. ಮೂರು ವರ್ಷ ಬೆಂಚಿನ ಮೇಲೆ ಕೂತು ಅವರ ಕಣ್ಣು ಎಂಥದೆಂದು ನೋಡಿದ್ದ ನಾನು.

ಸೆಕ್ರೆಟರಿ ತಡ ಮಾಡಲಿಲ್ಲ. ಅದೇ ಸಭಾಂಗಣದ ಮೊಗಸಾಲೆಯಲ್ಲಿ ಒಂದು ದೂರಿನ ಪತ್ರ ತಯಾರಾಯಿತು. ಯೋಗ್ಯತೆಯಿಲ್ಲದ ಸಹಾಯಕಿಯೊಬ್ಬಳ ಹೇಡಿತನದಿಂದ ಶಾಲ್ಮಲಾ ಎಂಬ ಪ್ರತಿಭಾವಂತೆಯ ಭವಿಷ್ಯ ಹಾಳಾಗಿದೆ, ಎದುರಿನವರ ಜೊತೆ ಒಳಒಪ್ಪಂದವಿರುವ ಸಂಶಯವೂ ಇದೆ, ಅವಳನ್ನು ತೆಗೆದುಹಾಕಬೇಕು ಎಂದು. ಪತ್ರ ಕೈಯಿಂದ ಕೈಗೆ ಹೋಯಿತು. ಒಳಒಪ್ಪಂದ ಎಂಬ ಪದವನ್ನು ನಾನು ಓದಿದೆ. ಓದಿಯೂ ಸಹಿ ಮಾಡಿದೆ. ಸುಧಾಳ ಕೈಗೂ ಕೊಟ್ಟರು. ಮೊದಲಿನಿಂದಲೂ ಬಾಕ್ಸಿಂಗ್ ಬೇಡವೆಂದವಳು ಅವಳು, ಸಿಟ್ಟಾಗಲು ನನಗಿಂತ ಹೆಚ್ಚು ಹಕ್ಕಿದ್ದವಳು. ಅವಳು ಪೆನ್ನು ಮುಟ್ಟಲಿಲ್ಲ.

"ಆಕಿ ಹುಡುಗಿನ್ನ ಹೊರಗ ತಂದಾಳ. ಅದಕ್ಕ ಯಾಕ ದೂರು ಕೊಡಬೇಕು? ನಾ ಮಾಡಂಗಿಲ್ಲ" ಅಂದಳು.

ಎರಡು ದಿನ ಕಳೆಯಿತು. ಮೂರನೆಯ ದಿನ ಬೆಳಿಗ್ಗೆ ಶಾಲ್ಮಲಾ ಹಾಸಿಗೆಯಿಂದ ಎದ್ದವಳು ಗೋಡೆ ಹಿಡಿದು ನಿಂತಳು. ಆಸ್ಪತ್ರೆಗೆ ಓಡಿದೆವು. ಮಿದುಳಿಗೆ ಪೆಟ್ಟಾಗಿದೆ, ಅದರ ಮೇಲೆಯೇ ಪಂದ್ಯವಾಡಿಸಿದ್ದೀರಿ, ಆ ದಿನ ಇನ್ನೊಂದು ಬಲವಾದ ಪೆಟ್ಟು ಬಿದ್ದಿದ್ದರೆ ಏನಾಗುತ್ತಿತ್ತೆಂದು ನಾನು ಹೇಳಲಾರೆ ಎಂದರು ವೈದ್ಯರು. ಅವರ ಮಾತಿನಲ್ಲಿ ಕರುಣೆ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಆರು ತಿಂಗಳು ಓದು ಕಡಿಮೆ, ಬೆಳಕು ಕಡಿಮೆ, ಬಾಕ್ಸಿಂಗ್ ಪೂರ್ತಿ ಬಂದ್.

ನಾನು ಕ್ಲಬ್ಬಿಗೆ ಹೋಗಿ ಸೆಕ್ರೆಟರಿಗೆ ವೈದ್ಯರ ಚೀಟಿ ತೋರಿಸಿದೆ. ನನ್ನ ಸಹಿ ವಾಪಸ್ ಬೇಕು ಅಂದೆ. ಪತ್ರ ಮೇಲಕ್ಕೆ ಹೋಗಿಬಿಟ್ಟಿದೆ, ದೀದಿಗೆ ಬರಬೇಡವೆಂದು ಹೇಳಿಯೂ ಆಯಿತು, ಹೇಗೂ ನಿಮ್ಮ ಮಗಳು ಇನ್ನು ಆಡುವುದಿಲ್ಲವಲ್ಲ, ಬಿಡಿ ಅಂದ. ನಾನು ಬಿಟ್ಟೆ. ಇದನ್ನು ಬೇರೆ ರೀತಿಯಲ್ಲಿ ಬರೆಯಲು ದಾರಿಯಿಲ್ಲ. ಇನ್ನೊಂದು ಪತ್ರ ಬರೆಯಬಹುದಿತ್ತು, ಉಳಿದ ಪಾಲಕರ ಮನೆಗೆ ಹೋಗಬಹುದಿತ್ತು, ಪತ್ರಿಕೆಗೆ ತಿಳಿಸಬಹುದಿತ್ತು. ಮಗಳ ಔಷಧ, ಮಗಳ ನಿದ್ದೆ ಎಂದುಕೊಂಡು ಸುಮ್ಮನಾದೆ. ಒಳಗೊಳಗೆ, ಈ ವಿಷಯ ಇಲ್ಲಿಗೇ ಮುಗಿಯಲಿ ಎಂಬ ಆಸೆಯೂ ಇತ್ತು.

ಒಂದು ವರ್ಷದ ಮೇಲೆ ಊರಿಗೆ ಹೋಗಿ ಬಂದವನು ಪೇಡೆಯ ಡಬ್ಬಿ ಹಿಡಿದುಕೊಂಡು ಕಾಳಿಘಾಟ್‌ನ ಅವರ ಮನೆಗೆ ಹೋದೆ. ಕ್ಷಮೆ ಕೇಳಲು ಹೋದದ್ದು. ಮನೆಯಲ್ಲಿ ಅವರೊಬ್ಬರೇ ಇದ್ದರು. ಮುಖ ಊದಿಕೊಂಡಿತ್ತು, ಮೂತ್ರಪಿಂಡದ ತೊಂದರೆ ಆಗಲೇ ಶುರುವಾಗಿತ್ತೆಂದು ನನಗೆ ಗೊತ್ತಿರಲಿಲ್ಲ. ನಾನು ಕೂರುವ ಮೊದಲೇ ಕೇಳಿದರು:

"ಮಗಳಿಗೆ ತಲೆನೋವು ಈಗಲೂ ಬರುತ್ತದಾ?"

"ಇಲ್ಲ ದೀದಿ."

"ಬಿಸಿಲಿಗೆ ಹೋದಾಗ? ಓದುವಾಗ?"

"ಇಲ್ಲ. ಪೂರ್ತಿ ವಾಸಿಯಾಗಿದೆ."

ಅವರು ಕಣ್ಣು ಮುಚ್ಚಿ ತಲೆಯಾಡಿಸಿದರು. ಚಹಾ ಮಾಡಿಕೊಟ್ಟರು. ಶಾಲ್ಮಲಾ ಯಾಕೆ ಒಮ್ಮೆಯೂ ಬರಲಿಲ್ಲ ಎಂದು ಕೇಳಿದರು. ಪರೀಕ್ಷೆ ಎಂದೆ. ಹೌದು ಹೌದು, ಓದಲಿ ಅಂದರು. ನಾನು ಅದೂ ಇದೂ ಮಾತಾಡಿ, ಕಾರಣವಿಲ್ಲದೆ ನಮ್ಮ ಊರಿನ ಹವೆಯ ವಿಷಯಕ್ಕೆ ಹೋದೆ. ಆಗ ಅವರೇ ಹೇಳಿದರು, ಪೇಡೆಯ ಡಬ್ಬಿಯ ದಾರ ಬಿಚ್ಚುತ್ತ, ನನ್ನ ಕಡೆ ನೋಡದೆ:

"ಆ ಪತ್ರ ನನಗೆ ತೋರಿಸಿದ್ದರು ದಾದಾ. ಹನ್ನೊಂದು ಸಹಿ. ಹತ್ತನ್ನು ಓದಿದೆ. ಒಂದು ನನಗೆ ಓದಲು ಬರದ ಅಕ್ಷರದಲ್ಲಿತ್ತು."

ನಾನು ಮೊದಲಿನಿಂದಲೂ ಎಲ್ಲ ಕಡೆ ಕನ್ನಡದಲ್ಲಿಯೇ ಸಹಿ ಮಾಡುವವನು. ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಅದು ನನ್ನ ಹೆಮ್ಮೆ. ಬಂಗಾಳಿ, ಇಂಗ್ಲಿಷ್ ಸಹಿಗಳ ನಡುವೆ ಅದೊಂದೇ ಗುಂಡಗಿನ ಅಕ್ಷರ.

ಅವರು ಒಂದು ಪೇಡೆ ಬಾಯಿಗೆ ಹಾಕಿಕೊಂಡು, ಇದನ್ನು ಹಾಲಿನಿಂದಲೇ ಮಾಡುತ್ತಾರಾ ಎಂದು ಕೇಳಿದರು. ಹೌದೆಂದು ಎದ್ದು ಬಂದೆ. ಮತ್ತೆ ಹೋಗಲಿಲ್ಲ.

ಅವರು ತೀರಿಕೊಂಡ ಹನ್ನೆರಡನೆಯ ದಿನ ಕ್ಲಬ್ಬಿನವರು ಸಂತಾಪಸಭೆ ಇಟ್ಟರು. ಶಾಲ್ಮಲಾ, ಈಗ ಹತ್ತೊಂಬತ್ತರವಳು, ನಾನೂ ಬರುತ್ತೇನೆ ಎಂದು ಹಟ ಹಿಡಿದು ಬಂದಳು. ಅವಳು ಅತ್ತ ಕಣ್ಣು ಕಾಣದಿರಲೆಂದು ಕಪ್ಪು ಕನ್ನಡಕ ಹಾಕಿಕೊಂಡು ನನ್ನ ಪಕ್ಕದಲ್ಲಿ ಕೂತಿದ್ದಳು. ದೀದಿಯ ಫೋಟೋಕ್ಕೆ ರಜನಿಗಂಧದ ಮಾಲೆ. ಹಿಂದಿನ ಫ್ಲೆಕ್ಸಿನಲ್ಲಿ ಅವರು "ನಮ್ಮ ಹೆಮ್ಮೆಯ ಮುಖ್ಯ ತರಬೇತುದಾರರು". ಸತ್ತ ಮೇಲೆ ಬಡ್ತಿ. ಸೆಕ್ರೆಟರಿ ಕಾಗದ ನೋಡಿ ಓದಿದ: ಅನಾರೋಗ್ಯದ ನಿಮಿತ್ತ ದೀದಿ ತಾವಾಗಿಯೇ ಸೇವೆಯಿಂದ ನಿವೃತ್ತರಾದಾಗ ಕ್ಲಬ್ಬು ಅನಾಥವಾಯಿತು ಎಂದು. ಕೊನೆಗೆ ಅವರ ತಮ್ಮನನ್ನು ವೇದಿಕೆಗೆ ಕರೆದು ಗಾಜಿನ ಚೌಕಟ್ಟಿನ ಮಾನಪತ್ರ ಕೊಟ್ಟರು. ಆ ಬಡಪಾಯಿ ಎರಡೂ ಕೈ ಜೋಡಿಸಿ ಸೆಕ್ರೆಟರಿಗೆ ನಮಸ್ಕಾರ ಮಾಡಿದ. ನಾನು ಎದ್ದು ನಿಲ್ಲಬೇಕಿತ್ತು. ಮೂರು ಸಲ ನಿಲ್ಲಬೇಕೆಂದುಕೊಂಡೆ. ಸಭೆ ಮುಗಿದು ಸಿಂಗಾಡಾ, ಇಲ್ಲಿಯ ಸಮೋಸಾ, ಹಂಚಿದರು.

ಮನೆಗೆ ನಡೆದು ಬರುವಾಗ ಲೆವೆಲ್ ಕ್ರಾಸಿಂಗಿನ ಗೇಟು ಹಾಕಿತ್ತು. ಲೋಕಲ್ ಟ್ರೇನಿಗಾಗಿ ಕಾಯುತ್ತ ನಿಂತೆವು. ಶಾಲ್ಮಲಾ ಹೇಳಿದಳು, ತನ್ನ ಅರ್ಧ ಕನ್ನಡದಲ್ಲಿ:

"ದೀದಿ ತಾವಾಗೇ ಬಿಟ್ರು ಅಂತ ಸೆಕ್ರೆಟರಿ ಅಂಕಲ್ ಹೇಳಿದ್ರಲ್ಲ ಅಪ್ಪಾ. ಹೆಲ್ತ್ ಅಲ್ಲ. ನನ್ನಿಂದ. ನಾ ವಾಮಿಟ್ ಮಾಡಿದ್ದು ಮುಚ್ಚಿಟ್ಟೆ ಅಂತ ನನ್ನ ಮ್ಯಾಲ ಸಿಟ್ಟಾಗಿ ಬಿಟ್ರು. ಅದಕ್ಕ ನಾ ಅವ್ರ ಮನೀಗೆ ಹೋಗ್ಲೇ ಇಲ್ಲ."

ಮೂರು ವರ್ಷ ಅವಳು ಇದನ್ನು ತಲೆಯಲ್ಲಿಟ್ಟುಕೊಂಡು ಓಡಾಡಿದ್ದಳು. ದೀದಿ ಅತ್ತ ಅವಳಿಗಾಗಿ ಕಾಯುತ್ತಿದ್ದರು. ನಡುವೆ ಎಲ್ಲ ಗೊತ್ತಿದ್ದ ನಾನಿದ್ದೆ. ಅವಳಿಗೆ ನಿಜ ಹೇಳಿದರೆ ನನ್ನ ಸಹಿಯ ವಿಷಯವನ್ನೂ ಹೇಳಬೇಕಾಗುತ್ತಿತ್ತು, ಹಾಗಾಗಿ ಹೇಳಿರಲಿಲ್ಲ. ಅಲ್ಲಿ ಗೇಟಿನ ಮುಂದೆ, ಸೈಕಲ್ಲು ರಿಕ್ಷಾಗಳ ನಡುವೆ ನಿಂತು ಎಲ್ಲವನ್ನೂ ಹೇಳಿದೆ. ಪತ್ರ, ಒಳಒಪ್ಪಂದದ ಮಾತು, ಪೇಡೆ, ಓದಲು ಬರದ ಅಕ್ಷರ. ಟ್ರೇನು ಹೋಯಿತು. ಗೇಟು ಎದ್ದಿತು. ಅವಳು ಕದಲಲಿಲ್ಲ. ಹಿಂದಿನವರು ಬೈಯುತ್ತ ನಮ್ಮನ್ನು ಸುತ್ತಿಕೊಂಡು ಹೋದರು.

"ನಾಳೆ ಅವ್ರ ತಮ್ಮನ ಮನೀಗೆ ಹೋಗೋಣ," ಅಂದಳು. "ನೀನೇ ಹೇಳಬೇಕು. ಬಾಂಗ್ಲಾದಾಗ ಹೇಳು. ತಪ್ಪಾದ್ರೂ ಪರವಾಗಿಲ್ಲ."

ಆಮೇಲೆ ಮನೆಯವರೆಗೆ ನನ್ನ ಜೊತೆ ನಡೆಯಲಿಲ್ಲ. ಮುಂದೆ ಮುಂದೆ ಹೋದಳು.

ಮರುದಿನ ಹೋದೆವು. ಹದಿನೆಂಟು ವರ್ಷದಲ್ಲಿ ಮೀನಿನ ಅಂಗಡಿಯ ಮುಂದೆಯೂ ಸರಿಯಾಗಿ ಆಡದ ಬಂಗಾಳಿಯಲ್ಲಿ, ನಿಮ್ಮ ಅಕ್ಕನನ್ನು ಕ್ಲಬ್ಬಿನವರು ಹೊರಹಾಕಿದರು, ಹಾಕಿಸಿದವರಲ್ಲಿ ನಾನೂ ಒಬ್ಬ ಎಂದು ಹೇಳಿದೆ. ದೀದಿಯ ತಮ್ಮ ಮೃದು ಸ್ವಭಾವದ ಮನುಷ್ಯ, ದೇವಸ್ಥಾನದ ಬಳಿ ಪೂಜಾ ಸಾಮಾನಿನ ಅಂಗಡಿ. ಮಂಡಿನೋವು ಎಂದು ಬಿಟ್ಟೆ ಅಂತ ಅಕ್ಕ ನಮಗೆ ಹೇಳಿದ್ದಳು ಅಂದ. ಮತ್ತೆ, ನಿನ್ನೆ ನಾನು ಆ ಮನುಷ್ಯನಿಗೆ ಕೈ ಮುಗಿದೆನಲ್ಲ ಅಂದ. ಅದನ್ನೇ ಎರಡು ಸಲ ಹೇಳಿದ. ಆಮೇಲೆ ಸ್ಟೂಲು ಹತ್ತಿ ಗೋಡೆಯ ಮೇಲಿದ್ದ ಮಾನಪತ್ರವನ್ನು ಇಳಿಸಿ, ಹಳೆಯ ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ.

"ಇದನ್ನು ಅವರಿಗೆ ವಾಪಸ್ ಕೊಡಿ. ನನ್ನ ಕೈಯಲ್ಲಿ ಆಗುವುದಿಲ್ಲ."

ಸಂಜೆ ಆರಕ್ಕೆ ಕ್ಲಬ್ಬಿಗೆ ಹೋದೆವು. ತಗಡಿನ ಕೋಣೆ ಈಗ ಶಾಮಿಯಾನ ಬಾಡಿಗೆಗೆ ಕೊಡುವವನ ಕುರ್ಚಿಗಳ ಗೋದಾಮು. ಮುಂದಿನ ಕೋಣೆಯಲ್ಲಿ ನಾಲ್ವರು ಕೇರಂ ಆಡುತ್ತಿದ್ದರು, ಸೆಕ್ರೆಟರಿಯ ಸರದಿ ನಡೆದಿತ್ತು. ಪೇಪರು ಬಿಚ್ಚಿ ಮಾನಪತ್ರವನ್ನು ಬೋರ್ಡಿನ ನಡುವೆ, ಬಿಳಿ ಕಪ್ಪು ಕಾಯಿಗಳ ಮೇಲೆಯೇ ಇಟ್ಟೆ. ದೀದಿಯ ಮನೆಯವರಿಗೆ ಇದು ಬೇಡವಂತೆ ಎಂದೆ. ನನ್ನ ಮಗಳನ್ನು ಹನ್ನೆರಡು ಕಿಲೋ ಹೆಚ್ಚಿನವಳ ಮುಂದೆ ನಿಲ್ಲಿಸಿದ್ದು ನೀವು, ಉಳಿಸಿದ್ದು ಅವರು, ನೀವು ಅವರನ್ನು ಓಡಿಸಿದಿರಿ, ನಾನು ಅದಕ್ಕೆ ಸಹಿ ಹಾಕಿದೆ, ಇದನ್ನು ಇನ್ನು ಮುಂದೆ ಕೇಳಿದವರಿಗೆಲ್ಲ ಹೇಳುತ್ತೇನೆ ಎಂದೆ. ಕೊನೆಯವರೆಗೆ ಹೇಳಿದೆ. ಉಳಿದ ಮೂವರು ಸ್ಟ್ರೈಕರ್ ಹುಡುಕುವವರಂತೆ ಬೋರ್ಡನ್ನೇ ನೋಡುತ್ತ ಕೂತರು.

ಸೆಕ್ರೆಟರಿ ನಿಧಾನವಾಗಿ ಕುರ್ಚಿಗೆ ಒರಗಿ, ಮಿಸ್ಟರ್, ಹುಡುಗಿಯ ಭವಿಷ್ಯಕ್ಕಾಗಿ ಅಂದು ನಾವು ಎಷ್ಟು ಓಡಾಡಿದೆವೆಂದು ನಿಮಗೆ ಗೊತ್ತಿದೆ ಎಂದು ಶುರು ಮಾಡಿದ. ಮಾತಿನ ನಡುವೆ ಬಾಗಿಲಲ್ಲಿ ನಿಂತಿದ್ದ ಶಾಲ್ಮಲಾಳ ಕಡೆ ಅವನ ಕಣ್ಣು ಹೋಯಿತು. ಅವಳು ಕನ್ನಡಕ ತೆಗೆದು ಅವನನ್ನೇ ನೋಡುತ್ತಿದ್ದಳು.

"ಇವರು ಯಾರು?" ಎಂದು ನನ್ನನ್ನು ಕೇಳಿದ.